ಬ್ರೆಜಿಲ್‌ನ ಕೋಟಾ ಓದಬೇಕೆಂದರೆ ಕಾಂಡೊಂಬ್ಲೆಯನ್ನೂ ಓದಬೇಕು

ಬಿಡಬೇಡಿ. ಆಫ್ರೋ ಬ್ರೆಜಿಲಿಯನ್ ಅಧ್ಯಯನಕ್ಕೆಂದು ಬ್ರೆಜಿಲ್‌ಗೆ ಹೊರಟಿರುವ ನೀವು, ಸಂಸ್ಕೃತಿಯ ಪೇಪರ್‌ಗಳನ್ನು ಕೈಬಿಟ್ಟು ಕೋಟಾ ಮತ್ತು ಒಳಗೊಳ್ಳುವಿಕೆಯ ಪೇಪರ್‌ಗಳನ್ನಷ್ಟೇ ತಗೊಂಡರೆ ನಡೆಯುತ್ತಾ, ಹೇಗೂ ಮೀಸಲಾತಿ ಅಂದರೇನು ಅಂತ ನಮಗೆ ಗೊತ್ತೇ ಇದೆಯಲ್ಲ ಎಂದು ಕೇಳಿದ್ದೀರಿ. ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿ ಬ್ರೆಜಿಲ್‌ನ ಬಹಿಯಾ ರಾಜ್ಯದ ಸಾಲ್ವಡೋರ್‌ಗೆ ಹೊರಟಾಗ ನಾನೂ ಅಕ್ಷರಶಃ ಹೀಗೇ ಯೋಚಿಸಿದ್ದೆ. ನಮ್ಮ ಹಿಂದುಳಿದ ವರ್ಗಗಳ ಬಗ್ಗೆ ವರದಿ ಕೊಟ್ಟ ಮಿಲ್ಲರ್ ಸಮಿತಿಯಿಂದ ಹಾವನೂರ್ ಆಯೋಗದವರೆಗೆ ಓದಿಕೊಂಡಿದ್ದೆ. ಮೈಸೂರು ಸಂಸ್ಥಾನದಲ್ಲಿ 1918ರಲ್ಲೇ ಈ ಚರ್ಚೆ ಶುರುವಾಗಿತ್ತು, ಬ್ರೆಜಿಲ್‌ನವರು ಇದಕ್ಕೆ ಕೈ ಹಾಕಿದ್ದೇ 2000ದ ನಂತರ, ಹಾಗಾಗಿ ನಮ್ಮ ಅಳತೆಗೋಲು ಹಿಡಿದು ಅವರದನ್ನು ಅಳೆದು ಬಂದರಾಯಿತು ಎಂಬ ಲೆಕ್ಕಾಚಾರ ನನ್ನದು.

ನಾನು ಸೇರಿದ ವಿಭಾಗದಲ್ಲಿ ಎರಡು ಗುಂಪಿನ ಪೇಪರ್‌ಗಳಿದ್ದವು. ಒಂದು ಕಡೆ ಕಾಂಡೊಂಬ್ಲೆ ಎಂಬ ಆಫ್ರಿಕನ್ ಮೂಲದ ಧರ್ಮ, ಕಪೊಯೇರಾ ಎಂಬ ಕುಣಿತದಂಥ ಸಮರಕಲೆ, ಕಾರ್ನಿವಲ್ ತಂಡಗಳ ಇತಿಹಾಸ, ಅಡುಗೆ, ಸಂಗೀತ. ಇನ್ನೊಂದು ಕಡೆ ಕಾನೂನು, ಜನಗಣತಿ, ವಿಶ್ವವಿದ್ಯಾಲಯ ಪ್ರವೇಶ, ಉದ್ಯೋಗ. ಎರಡನೆಯದನ್ನೇ ಆರಿಸಿಕೊಂಡೆ. ಡೋಲು, ಕುಣಿತ, ದೇವರು ಇವೆಲ್ಲ ಪ್ರವಾಸಿಗರಿಗೆ, ನಾನು ಬಂದಿರುವುದು ಗಂಭೀರ ವಿಷಯಕ್ಕೆ ಎಂದುಕೊಂಡಿದ್ದೆ.

ಆ ಎಡವಟ್ಟು ಎಲ್ಲಿಗೆ ಮುಟ್ಟಿತು ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿಮ್ಮ ಸಂಶೋಧನಾ ಪ್ರಸ್ತಾವನೆಯಲ್ಲಿರುವ ‘ಕೋಟಾ ವಿದ್ಯಾರ್ಥಿಗಳ ಕೌಟುಂಬಿಕ ಮೂಲ’ ಎಂಬ ಅಧ್ಯಾಯ ನನ್ನ ಪ್ರಬಂಧದಲ್ಲೂ ಇತ್ತು.

ನಮ್ಮಲ್ಲಿ ಮೀಸಲಾತಿ ನಿಂತಿರುವುದು ವಂಶದ ಮೇಲೆ. ಅಪ್ಪನ ಜಾತಿ ಏನು, ಅಜ್ಜನ ಶಾಲಾ ದಾಖಲೆಯಲ್ಲಿ ಏನು ಬರೆದಿದೆ, ತಹಶೀಲ್ದಾರರ ಸಹಿ ಇದೆಯಾ. ನಿಮ್ಮ ಮುಖ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ಅದೇ ಗುಂಗಿನಲ್ಲಿ ಪ್ರಶ್ನಾವಳಿ ಮಾಡಿಕೊಂಡೆ. ತಂದೆ ತಾಯಿಯ ಕೆಲಸ, ಓದಿದ ಶಾಲೆ, ಅಜ್ಜ ಅಜ್ಜಿಯರ ಊರು, ಆಮೇಲೆ ‘ಆಫ್ರಿಕಾದ ಯಾವ ಮೂಲದವರು ನೀವು?’. ಈ ಕೊನೆಯ ಪ್ರಶ್ನೆ ಕೇಳಿದಾಗ ಕೆಲವರು ‘ಕೇತು’ ಅನ್ನುತ್ತಿದ್ದರು, ಕೆಲವರು ‘ಅಂಗೋಲ’, ಇನ್ನು ಕೆಲವರು ‘ಜೆಜೆ’. ಸಂಭ್ರಮದಿಂದ ಬರೆದುಕೊಂಡೆ. ಅಷ್ಟು ತಲೆಮಾರು ಕಳೆದರೂ ಜನ ತಮ್ಮ ಮೂಲ ನೆನಪಿಟ್ಟುಕೊಂಡಿದ್ದಾರೆ ಅಂತ ಖುಷಿಪಟ್ಟು, ಅದನ್ನೇ ಕೋಷ್ಟಕ ಮಾಡಿ, ಶೇಕಡಾವಾರು ಲೆಕ್ಕ ಹಾಕಿ, ಒಂದಿಡೀ ಅಧ್ಯಾಯ ಬರೆದೆ.

ನನ್ನ ಗೈಡ್ ಆ ಕೋಷ್ಟಕದ ಒಂದು ಸಾಲಿನ ಮೇಲೆ ಪೆನ್ನಿಟ್ಟರು. ಆ ಹುಡುಗ ಬಿಳಿಯ, ಹೆಸರು ಇಟಾಲಿಯನ್, ಅಜ್ಜ ಇಟಲಿಯ ವೆನೆಟೊ ಕಡೆಯಿಂದ ಬಂದವರು ಅಂತ ನಾನೇ ಬರೆದಿದ್ದೆ. ಪಕ್ಕದ ಕಾಲಂನಲ್ಲಿ ಮೂಲ: ಕೇತು. ‘ಇದು ಹೇಗೆ?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಇದ್ದದ್ದು ನಾನು ಬಿಟ್ಟ ಪೇಪರ್‌ನಲ್ಲಿ. ಕಾಂಡೊಂಬ್ಲೆಯ ಆರಾಧನಾ ಸ್ಥಳಕ್ಕೆ ತೆರೇರು ಎನ್ನುತ್ತಾರೆ. ಒಂದೊಂದು ತೆರೇರು ಒಂದೊಂದು ಆಚಾರ ಪರಂಪರೆಗೆ ಸೇರಿದ್ದು. ಪಶ್ಚಿಮ ಆಫ್ರಿಕಾದ ಯೊರೂಬಾ ಜನರ ಕಡೆಯದು ಕೇತು, ಅಲ್ಲಿಯವರೇ ಆದ ಫೋನ್ ಮತ್ತು ಎವೆ ಜನರ ಕಡೆಯದು ಜೆಜೆ, ಬಾಂಟು ಭಾಷಿಕರ ಕಡೆಯದು ಅಂಗೋಲ. ದೀಕ್ಷೆ ತಗೊಂಡವರು ಆ ಮನೆಯ ಮಗ ಅಥವಾ ಮಗಳು, ಪೌರೋಹಿತ್ಯ ವಹಿಸಿದ ಹೆಂಗಸು ಅವರಿಗೆ ತಾಯಿ, ಜೊತೆಗೆ ದೀಕ್ಷೆಯಾದವರು ಒಡಹುಟ್ಟಿದವರು. ಅಲ್ಲಿ ರಕ್ತದ ಲೆಕ್ಕವೇ ಇಲ್ಲ. ಇಟಾಲಿಯನ್ ಹೆಸರಿನ ಹುಡುಗ ಕೇತು ಆಗಬಹುದು, ಅಪ್ಪಟ ಅಂಗೋಲಾ ವಂಶದ ಹುಡುಗಿ ಜೆಜೆ ಆಗಬಹುದು. ನನ್ನ ಪ್ರಶ್ನೆಗೆ ಅವರೆಲ್ಲ ಪ್ರಾಮಾಣಿಕವಾಗಿ ತಮ್ಮ ತೆರೇರಿನ ಪರಂಪರೆ ಹೇಳಿದ್ದರು. ನಾನು ಅದನ್ನು ಜಾತಿಯ ಕಾಲಂ ತುಂಬಿದಂತೆ ತುಂಬಿಕೊಂಡಿದ್ದೆ. ಮೊದಲ ಸೆಮಿಸ್ಟರಿನ ಪರಿಚಯದ ಪಾಠದಲ್ಲೇ ಇದನ್ನು ಹೇಳಿಕೊಡುತ್ತಾರೆ.

ಇಷ್ಟೇ ಆಗಿದ್ದರೆ ಕೋಷ್ಟಕ ಹರಿದುಹಾಕಿ ಮುಂದೆ ಹೋಗಬಹುದಿತ್ತು. ಆದರೆ ಆ ಪ್ರಶ್ನೆಯೇ ನೋವು ಕೊಡುವಂಥದ್ದು. ಆಫ್ರಿಕಾದಿಂದ ಬ್ರೆಜಿಲ್‌ಗೆ ಗುಲಾಮರಾಗಿ ತಂದಿಳಿಸಿದವರ ಸಂಖ್ಯೆ ಸುಮಾರು 48 ಲಕ್ಷ, ಜಗತ್ತಿನಲ್ಲಿ ಇನ್ಯಾವ ದೇಶಕ್ಕೂ ಅಷ್ಟು ಜನರನ್ನು ಒಯ್ದಿಲ್ಲ. ಅವರಿಗೆ ದೀಕ್ಷಾಸ್ನಾನ ಮಾಡಿಸಿ ಪೋರ್ಚುಗೀಸ್ ಹೆಸರಿಟ್ಟರು. ಗುಲಾಮಗಿರಿ ರದ್ದಾದದ್ದು 1888ರ ಮೇ 13ರಂದು. 1890ರ ಡಿಸೆಂಬರ್‌ನಲ್ಲಿ ಹಣಕಾಸು ಮಂತ್ರಿ ರುಯಿ ಬಾರ್ಬೋಸಾ ತನ್ನ ಇಲಾಖೆಯಲ್ಲಿದ್ದ ಗುಲಾಮರ ದಾಖಲೆಗಳನ್ನು ಸುಡಲು ಆದೇಶ ಹೊರಡಿಸಿದರು. ಹಳೆಯ ಯಜಮಾನರು ಪರಿಹಾರ ಕೇಳದಂತೆ ಮಾಡಲು ಹೀಗೆ ಮಾಡಿದರು ಅನ್ನುತ್ತಾರೆ. ಕಾರಣ ಏನೇ ಇರಲಿ, ಬಹುಪಾಲು ಮನೆಗಳಿಗೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿಹೋಗಿದೆ. ನರ್ಸಿಂಗ್ ಓದುತ್ತಿದ್ದ ಒಬ್ಬಳು ನನ್ನ ಪ್ರಶ್ನೆ ಕೇಳಿ, ‘ಮುತ್ತಜ್ಜಿಯ ಹೆಸರೇ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಊರು ಎಲ್ಲಿಂದ ತಂದು ಹೇಳಲಿ?’ ಅಂತ ಎದ್ದುಹೋದಳು. ಆಮೇಲೆ ಅವಳ ಸ್ನೇಹಿತರು ಯಾರೂ ನನ್ನ ಜೊತೆ ಕೂತು ಮಾತಾಡಲಿಲ್ಲ. ಅರ್ಧಕ್ಕಿಂತ ಹೆಚ್ಚು ಸಂದರ್ಶನ ಕೆಲಸಕ್ಕೆ ಬಾರದೆ ಹೋದವು, ವಿದ್ಯಾರ್ಥಿವೇತನದ ಅವಧಿ ಮುಗಿಯಿತು, ಪ್ರಬಂಧದ ಮುಖ್ಯ ಅಧ್ಯಾಯವನ್ನೇ ತೆಗೆದುಹಾಕಿ ಸಲ್ಲಿಸಬೇಕಾಯಿತು.

ಈಗ ನಿಮ್ಮ ಮೂಲ ಊಹೆಗೆ ಬರುತ್ತೇನೆ. ‘ಅವರ ಕೋಟಾ ನಮ್ಮ ಮೀಸಲಾತಿಯಂತೆಯೇ, ಜಾತಿಯ ಜಾಗದಲ್ಲಿ ಬಣ್ಣ’ ಅಂತ ಬರೆದಿದ್ದೀರಿ. ಅಲ್ಲ. 2012ರ ಕೋಟಾ ಕಾನೂನು ಮೊದಲು ನೋಡುವುದು ಬಣ್ಣವನ್ನಲ್ಲ, ಶಾಲೆಯನ್ನು. ಅಲ್ಲಿ ಕೇಂದ್ರದ ವಿಶ್ವವಿದ್ಯಾಲಯಗಳಲ್ಲಿ ಶುಲ್ಕವಿಲ್ಲ, ಗುಣಮಟ್ಟವೂ ಚೆನ್ನಾಗಿದೆ. ಆದರೆ ಪ್ರವೇಶ ಪರೀಕ್ಷೆ ಗೆಲ್ಲುತ್ತಿದ್ದವರು ದುಬಾರಿ ಖಾಸಗಿ ಶಾಲೆಯ ಮಕ್ಕಳು. ಅಂದರೆ ದುಡ್ಡಿದ್ದವರ ಮಕ್ಕಳಿಗೆ ಬಿಟ್ಟಿ ಓದು, ಬಡವರ ಮಕ್ಕಳಿಗೆ ಸಂಜೆಯ ಖಾಸಗಿ ಕಾಲೇಜು. ಆದ್ದರಿಂದ ಶೇ. 50 ಸೀಟುಗಳನ್ನು ಪ್ರೌಢಶಿಕ್ಷಣವನ್ನು ಸರ್ಕಾರಿ ಶಾಲೆಯಲ್ಲಿ ಮಾಡಿದವರಿಗೆ ಇಟ್ಟರು. ಅದರಲ್ಲಿ ಅರ್ಧಕ್ಕೆ ಆದಾಯದ ಮಿತಿ, ಎರಡೂ ಅರ್ಧಗಳೊಳಗೆ ಆಯಾ ರಾಜ್ಯದ ಜನಸಂಖ್ಯೆಯ ಪ್ರಮಾಣದಲ್ಲಿ ಕಪ್ಪು, ಮಿಶ್ರವರ್ಣ ಮತ್ತು ಮೂಲನಿವಾಸಿ ವಿದ್ಯಾರ್ಥಿಗಳಿಗೆ ಪಾಲು. ಬಹಿಯಾ ರಾಜ್ಯದಲ್ಲಿ ತಮ್ಮನ್ನು ಕಪ್ಪು ಅಥವಾ ಮಿಶ್ರವರ್ಣ ಎಂದು ಗುರುತಿಸಿಕೊಳ್ಳುವವರು ಹತ್ತರಲ್ಲಿ ಸುಮಾರು ಎಂಟು ಮಂದಿ. 2023ರ ತಿದ್ದುಪಡಿಯಲ್ಲಿ ಕಿಲೊಂಬೊಲಾಗಳನ್ನೂ ಸೇರಿಸಿದರು, ಅಂದರೆ ಹಿಂದೆ ತಪ್ಪಿಸಿಕೊಂಡ ಗುಲಾಮರು ಕಟ್ಟಿಕೊಂಡ ಊರುಗಳ ಸಂತತಿಯನ್ನು.

ಬಣ್ಣವನ್ನು ಯಾರು ನಿರ್ಧರಿಸುತ್ತಾರೆ ಅನ್ನುವುದರಲ್ಲಂತೂ ನಮಗೂ ಅವರಿಗೂ ಇನ್ನೂ ದೂರ. ಅಲ್ಲಿ ಪ್ರಮಾಣಪತ್ರ ಅಂತ ಇಲ್ಲ. ಅಭ್ಯರ್ಥಿ ತಾನೇ ಘೋಷಿಸಿಕೊಳ್ಳಬೇಕು. ಸುಳ್ಳು ಘೋಷಣೆಗಳು ಹೆಚ್ಚಾದ ಮೇಲೆ ವಿಶ್ವವಿದ್ಯಾಲಯಗಳು ಪರಿಶೀಲನಾ ಸಮಿತಿ ಮಾಡಿದವು. ಸಮಿತಿಯವರು ನೋಡುವುದು ಚರ್ಮ, ಕೂದಲು, ಮೂಗು, ತುಟಿ. ‘ನನ್ನ ಅಜ್ಜಿ ಕಪ್ಪಗಿದ್ದಳು’ ಅಂತ ಫೋಟೋ ತಂದರೆ ಅದನ್ನು ಪರಿಗಣಿಸುವುದಿಲ್ಲ. ನಮಗೆ ಇದು ಕೇಳಲಿಕ್ಕೇ ಮುಜುಗರ. ನಾನೂ ವಿರೋಧಿಸುತ್ತಿದ್ದೆ. ಆದರೆ ಅದರ ಹಿಂದೊಂದು ತರ್ಕವಿದೆ. ಒರಾಸಿ ನೊಗೇರಾ ಎಂಬ ಸಮಾಜಶಾಸ್ತ್ರಜ್ಞ 1950ರ ದಶಕದಲ್ಲೇ ಹೇಳಿದ್ದು ಇದು: ಅಮೆರಿಕದಲ್ಲಿ ಒಂದು ಹನಿ ಆಫ್ರಿಕನ್ ರಕ್ತವಿದ್ದರೂ ತಾರತಮ್ಯ ಮಾಡುತ್ತಾರೆ, ಬ್ರೆಜಿಲ್‌ನಲ್ಲಿ ತಾರತಮ್ಯ ನಡೆಯುವುದು ಕಣ್ಣಿಗೆ ಕಾಣುವ ಚಹರೆಯ ಮೇಲೆ. ಪೊಲೀಸರು ರಸ್ತೆಯಲ್ಲಿ ತಡೆಯುವಾಗ ಅಜ್ಜಿಯನ್ನು ವಿಚಾರಿಸುವುದಿಲ್ಲ, ಮುಖ ನೋಡಿ ತಡೆಯುತ್ತಾರೆ, ಹಾಗಾದರೆ ಪರಿಹಾರಕ್ಕೂ ಮುಖವೇ ಆಧಾರ ಅನ್ನುವುದು ಅವರ ವಾದ. ಇದರಲ್ಲಿ ತೊಡಕಿಲ್ಲ ಅಂತಲ್ಲ. 2007ರಲ್ಲಿ ಬ್ರೆಸಿಲಿಯಾ ವಿಶ್ವವಿದ್ಯಾಲಯದಲ್ಲಿ ಫೋಟೋ ನೋಡಿ ತದ್ರೂಪಿ ಅವಳಿಗಳಲ್ಲಿ ಒಬ್ಬನನ್ನು ಕೋಟಾಕ್ಕೆ ಒಪ್ಪಿ ಇನ್ನೊಬ್ಬನನ್ನು ಬಿಟ್ಟಿದ್ದರು. ದೊಡ್ಡ ಗಲಾಟೆಯಾಗಿ ಇಬ್ಬರನ್ನೂ ಒಪ್ಪಿಕೊಳ್ಳಬೇಕಾಯಿತು. ಆದರೂ 2012ರಲ್ಲಿ ಅದೇ ವಿಶ್ವವಿದ್ಯಾಲಯದ ಕೋಟಾ ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಕೋಟಾದ ಪರ ತೀರ್ಪು ಕೊಟ್ಟಿತು.

ಸಂಸ್ಕೃತಿ ಬೇರೆ, ಹಕ್ಕು ಬೇರೆ ಅಂತ ವಿಂಗಡಿಸುವುದೇ ಅಲ್ಲಿಯ ಇತಿಹಾಸಕ್ಕೆ ಮಾಡುವ ಅನ್ಯಾಯ ಅಂತ ಈಗ ನನ್ನ ಖಚಿತ ಅಭಿಪ್ರಾಯ. 1976ರ ತನಕ ಬಹಿಯಾದಲ್ಲಿ ತೆರೇರುಗಳು ಪೊಲೀಸರ ಹತ್ತಿರ ನೋಂದಣಿ ಮಾಡಿಸಿ ಪರವಾನಗಿ ಪಡೆಯಬೇಕಿತ್ತು. ಪೂಜೆ ಮಾಡಲು ಠಾಣೆಯ ಅನುಮತಿ! ಡೋಲು ಬಾರಿಸುವುದೇ ಅಲ್ಲಿ ನಾಗರಿಕ ಹಕ್ಕಿನ ಪ್ರಶ್ನೆಯಾಗಿತ್ತು. ಕಾರ್ನಿವಲ್‌ನ ದೊಡ್ಡ ತಂಡಗಳಲ್ಲಿ ಕಪ್ಪು ಜನರಿಗೆ ಜಾಗವಿಲ್ಲದಿದ್ದಾಗ 1974ರಲ್ಲಿ ಲಿಬೆರ್ದಾಜಿ ಬಡಾವಣೆಯ ಯುವಕರು ‘ಇಲೆ ಅಯ್ಯೆ’ ತಂಡ ಕಟ್ಟಿದರು. ಕಟ್ಟಿದ್ದು ಒಂದು ತೆರೇರಿನ ಆಶ್ರಯದಲ್ಲಿ, ಅಲ್ಲಿಯ ತಾಯಿ ಇಲ್ಡಾ ಅವರ ಬೆಂಬಲದಿಂದ. ಮುಂದೆ ಅದೇ ಅಂಗಳದಲ್ಲಿ ಮಕ್ಕಳ ಶಾಲೆ ಶುರುವಾಯಿತು. 1992ರಲ್ಲಿ, ಅಂದರೆ ಕೋಟಾ ಕಾನೂನಿಗೆ 20 ವರ್ಷ ಮೊದಲು, ಸಾಲ್ವಡೋರ್‌ನಲ್ಲಿ ದಕ್ಷಿಣ ಆಫ್ರಿಕಾದ ಹೋರಾಟಗಾರ ಸ್ಟೀವ್ ಬೀಕೊ ಹೆಸರಿನ ಸಂಸ್ಥೆ ಹುಟ್ಟಿತು. ಕಪ್ಪು ವಿದ್ಯಾರ್ಥಿಗಳನ್ನು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ಕೋಚಿಂಗ್ ಅದು. ಗಣಿತ, ವ್ಯಾಕರಣದ ಜೊತೆಗೆ ಪೌರತ್ವ ಮತ್ತು ಕಪ್ಪು ಪ್ರಜ್ಞೆ ಅಂತಲೇ ಒಂದು ವಿಷಯ ಕಲಿಸುತ್ತಾರೆ. ತಮ್ಮ ಕೂದಲಿನ ಬಗ್ಗೆ, ಅಜ್ಜಿಯ ದೇವರ ಬಗ್ಗೆ ನಾಚಿಕೆಪಡುವ ಹುಡುಗಿಗೆ ಸೀಟು ಸಿಕ್ಕರೂ ಅವಳು ಅಲ್ಲಿ ಉಳಿಯುವುದಿಲ್ಲ ಅಂತ ಅವರಿಗೆ ಅನುಭವದಿಂದ ಗೊತ್ತಿತ್ತು. ಶಾಲೆಗಳಲ್ಲಿ ಆಫ್ರೋ ಬ್ರೆಜಿಲಿಯನ್ ಇತಿಹಾಸ, ಸಂಸ್ಕೃತಿ ಕಡ್ಡಾಯ ಮಾಡಿದ ಕಾನೂನು 2003ರಲ್ಲಿ ಬಂತು, ಸೀಟಿನ ಕಾನೂನು 2012ರಲ್ಲಿ. ಆ ಕ್ರಮ ಗಮನಿಸಿ.

ಪ್ರಬಂಧ ಕೆಟ್ಟ ಮೇಲೆ ಗೈಡ್ ನನ್ನನ್ನು ಲೈಬ್ರರಿಗೆ ಕಳಿಸಲಿಲ್ಲ. ರಿಯೊ ವೆರ್ಮೆಲ್ಯು ಬಡಾವಣೆಯಲ್ಲಿ ಅಕರಾಜೆ ಮಾರುವ ಒಬ್ಬರ ಪಕ್ಕ ಸಂಜೆಹೊತ್ತು ಕೂತು ಬಾ ಅಂದರು. ಅಕರಾಜೆ ಮಾಡುವುದು ನಮ್ಮ ಅಲಸಂದೆ ಕಾಳಿನಿಂದಲೇ. ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಈರುಳ್ಳಿ ಸೇರಿಸಿ, ಮರದ ಸೌಟಿನಿಂದ ತೋಳು ಸೋಲುವವರೆಗೆ ಹಿಟ್ಟು ಬಡಿದು ಹಗುರ ಮಾಡುತ್ತಾರೆ. ಕೆಂಪನೆಯ ತಾಳೆ ಎಣ್ಣೆಯಲ್ಲಿ ಕರಿದು, ಸೀಳಿ, ಒಳಗೆ ಬೆಂಡೆಕಾಯಿ ಪಲ್ಯ, ಒಣ ಸಿಗಡಿ, ಖಾರ ತುಂಬುತ್ತಾರೆ. ಮಾರುವವರು ಬಿಳಿ ಉಡುಪು, ಮುಂಡಾಸು, ಮಣಿಸರ ಹಾಕಿಕೊಂಡಿರುತ್ತಾರೆ. ಇದು ಬಿರುಗಾಳಿಯ ದೇವತೆ ಇಯಾನ್ಸಾಳ ನೈವೇದ್ಯ. ಅವರು ಕೆಲಸ ಮಾಡುತ್ತಲೇ ಎಲ್ಲ ಹೇಳಿದರು. ಗುಲಾಮಗಿರಿಯ ಕಾಲದಲ್ಲೇ ಹೆಂಗಸರು ತಲೆಯ ಮೇಲೆ ಹೊತ್ತು ಮಾರಿ, ಆ ದುಡ್ಡಿನಲ್ಲಿ ತಮ್ಮವರ ಬಿಡುಗಡೆ ಕೊಂಡದ್ದು. ಈಗ ಕೆಲವು ಇವಾಂಜೆಲಿಕಲ್ ಪಂಥದ ಕ್ರೈಸ್ತರು ಅದನ್ನೇ ‘ಯೇಸುವಿನ ಉಂಡೆ’ ಅಂತ ಮಾರುತ್ತಿರುವುದು. 2014ರ ವಿಶ್ವಕಪ್‌ಗೆ ಮೊದಲು ಕ್ರೀಡಾಂಗಣದ ಸುತ್ತ ತಮ್ಮ ವ್ಯಾಪಾರಕ್ಕೆ ಫಿಫಾ ನಿಯಮಗಳು ಅಡ್ಡಬಂದಾಗ ಹೋರಾಡಿ ಜಾಗ ಪಡೆದದ್ದು. ನಡುವೆ, ಹಿಟ್ಟು ಬಡಿಯುವುದನ್ನು ನಿಲ್ಲಿಸದೆಯೇ, ಮಗಳು ಕೋಟಾದಲ್ಲಿ ದಂತವೈದ್ಯಕೀಯ ಓದುತ್ತಿದ್ದಾಳೆ ಅಂದರು. ಪ್ರಶ್ನಾವಳಿ ಹಿಡಿದು ತಿಂಗಳುಗಟ್ಟಲೆ ಅಲೆದು ನನಗೆ ಸಿಗದ ಸಂದರ್ಶನ ಅದು. ಯಾವ ಪ್ರಶ್ನೆಯನ್ನೂ ಕೇಳದೆ ಸಿಕ್ಕಿತ್ತು.

ಇನ್ನು ನಿಮ್ಮ ಉಳಿದ ಪ್ರಶ್ನೆಗಳು. ಇಂಗ್ಲಿಷ್ ಸಾಲುವುದಿಲ್ಲ. ಪಾಠ ಪೋರ್ಚುಗೀಸ್‌ನಲ್ಲಿ, ಅಧಿಸೂಚನೆ ಪೋರ್ಚುಗೀಸ್‌ನಲ್ಲಿ, ಜನ ಮಾತಾಡುವುದಂತೂ ಅದರಲ್ಲೇ. ಹೋಗುವ ಮೊದಲೇ ಕಲಿಯಿರಿ, ಸಾಧ್ಯವಾದರೆ ಸೆಲ್ಪೆ ಬ್ರಾಸ್ ಎಂಬ ಪೋರ್ಚುಗೀಸ್ ಭಾಷಾ ಪರೀಕ್ಷೆಗೆ ಕೂರಿ. ಇದಕ್ಕಿಂತ ಅಮೆರಿಕಕ್ಕೆ ಹೋಗುವುದು ಲೇಸಾ ಅಂತ ಕೇಳಿದ್ದೀರಿ. ನಿಮ್ಮ ವಿಷಯ ಬ್ರೆಜಿಲ್ ಆದರೆ ಅಲ್ಲಿಗೇ ಹೋಗಿ. ಬಹಿಯಾ ಫೆಡರಲ್ ವಿಶ್ವವಿದ್ಯಾಲಯದ ಆಫ್ರೋ ಪೌರ್ವಾತ್ಯ ಅಧ್ಯಯನ ಕೇಂದ್ರ 1959ರಿಂದ ನಡೆಯುತ್ತಿದೆ. ಆಫ್ರಿಕಾದ ಪೋರ್ಚುಗೀಸ್ ಭಾಷಿಕ ದೇಶಗಳ ವಿದ್ಯಾರ್ಥಿಗಳ ಜೊತೆ ಕೂತು ಓದಬೇಕೆಂದರೆ ಉನಿಲಾಬ್ ಎಂಬ ವಿಶ್ವವಿದ್ಯಾಲಯ ಇದೆ. ಸಿಯಾರಾ ರಾಜ್ಯದ ರೆಡೆನ್ಸಾವ್ ಊರಿನಲ್ಲಿ ಶುರುವಾದದ್ದು, ಬಹಿಯಾದಲ್ಲೂ ಒಂದು ಕ್ಯಾಂಪಸ್ ಇದೆ. ಇಡೀ ದೇಶಕ್ಕಿಂತ ಐದು ವರ್ಷ ಮೊದಲು, 1883ರಲ್ಲೇ, ಗುಲಾಮಗಿರಿ ಬಿಟ್ಟ ಊರು ರೆಡೆನ್ಸಾವ್. ಕೆಲಸ ಸಿಗುತ್ತಾ ಅನ್ನುವುದಕ್ಕೆ ನನ್ನ ಉತ್ತರ ನಿಮಗೆ ಇಷ್ಟವಾಗಲಿಕ್ಕಿಲ್ಲ. ಕೆಲಸಕ್ಕಾಗಿಯೇ ಹೋಗುವುದಾದರೆ ಇದು ನಿಮಗಲ್ಲ, ಆ ಸೀಟು ಬೇರೆಯವರಿಗೆ ಸಿಗಲಿ.

ಕೊನೆಯದಾಗಿ, ಟಿಕೆಟ್ ಮಾಡಿಸುವ ಮೊದಲು ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಹೋಗಿಬನ್ನಿ. ಧಾರವಾಡದಿಂದ ಎಷ್ಟು ದೂರ? ಅದೇ ಪೋರ್ಚುಗೀಸರು ಗೋವಾಕ್ಕೆ ತಂದ ಆಫ್ರಿಕನ್ನರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಅಲ್ಲಿ ಇದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದ ಸಿದ್ದಿಗಳು. ಅವರ ಡಮಾಮಿ ಬಾರಿಸುವ ಕುಣಿತ, ಹಳೆಯ ಬಟ್ಟೆ ಜೋಡಿಸಿ ಹೊಲಿಯುವ ಕೌದಿ ನೋಡಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ನಾನು ಓದಿದ ಶಾಲೆಯಲ್ಲಿ ಸಿದ್ದಿ ಮಕ್ಕಳು ನನ್ನ ಬೆಂಚಿನಲ್ಲೇ ಕೂರುತ್ತಿದ್ದರು. ಸಾಲ್ವಡೋರ್‌ನ ಮೊದಲ ಸೆಮಿನಾರಿನಲ್ಲಿ ‘ನಿಮ್ಮ ದೇಶದಲ್ಲಿರುವ ಆಫ್ರಿಕನ್ ಮೂಲದವರ ಬಗ್ಗೆ ಹೇಳಿ’ ಅಂದಾಗ ನನಗೆ ನಾಲ್ಕು ವಾಕ್ಯ ಹೇಳಲು ಆಗಲಿಲ್ಲ. ನಿಮ್ಮನ್ನೂ ಕೇಳುತ್ತಾರೆ. ಅವರಿಗೆ ಭಾರತದಿಂದ ನಿಜವಾಗಿ ತಿಳಿಯಬೇಕಾಗಿರುವುದು ಇದೇ, ಹಾವನೂರ್ ವರದಿಯಲ್ಲ. ಸಿದ್ದಿಗಳ ಹಾಡಿಯಲ್ಲಿ ಕೂತಾಗ ಪ್ರಶ್ನಾವಳಿ ಚೀಲದಲ್ಲೇ ಇರಲಿ.