ಮಗುವಿನ ಕುತ್ತಿಗೆಯ ಗಂಟನ್ನು ಮೂಳೆ ಮುಟ್ಟದೆ ತೆಗೆಸಬಹುದೇ?

ನಾಲ್ಕು ವರ್ಷದ ಮಗನ ಕುತ್ತಿಗೆಯ ನಡುವಿನ ಗಂಟಿನ ಜೊತೆಗೆ ಮೂಳೆಯ ತುಂಡನ್ನೂ ತೆಗೆಯಬೇಕೆಂದು ವೈದ್ಯರು ಹೇಳಿದ್ದಾರೆ, ಗಂಟನ್ನಷ್ಟೇ ತೆಗೆಯುವವರನ್ನು ಹುಡುಕಬಹುದೇ ಎಂದು ಕೇಳಿದ್ದೀರಿ. ನಾನು ಹುಡುಕಿದ್ದೆ, ಸಿಕ್ಕಿದರು ಕೂಡ. ಅದರಿಂದಾಗಿಯೇ ನನ್ನ ಮಗಳಿಗೆ ಎರಡು ಬಾರಿ ಅರಿವಳಿಕೆ ಕೊಡಬೇಕಾಯಿತು.

ಆಗ ಅವಳಿಗೆ ಐದು ವರ್ಷ. ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ ಅಣಕಿಸುತ್ತಿದ್ದಾಗ, ಗಲ್ಲದ ಕೆಳಗೆ ಗೋಲಿಯಷ್ಟು ದಪ್ಪದ ಗಂಟೊಂದು ಮೇಲಕ್ಕೆ ಸರಿದು ಮತ್ತೆ ಕೆಳಗಿಳಿದದ್ದನ್ನು ಕಂಡೆ. ಮಕ್ಕಳ ಶಸ್ತ್ರಚಿಕಿತ್ಸಕರೂ ಮೊದಲು ನೋಡಿದ್ದು ಅದನ್ನೇ: ನೀರು ನುಂಗಿಸಿದರು, ನಾಲಿಗೆ ಚಾಚಿಸಿದರು, ಥೈರೋಗ್ಲಾಸಲ್ ಸಿಸ್ಟ್ ಎಂದರು. ಗರ್ಭದಲ್ಲಿ ಥೈರಾಯ್ಡ್ ಗ್ರಂಥಿ ನಾಲಿಗೆಯ ಬುಡದಲ್ಲಿ ಹುಟ್ಟಿ ಕುತ್ತಿಗೆಗೆ ಇಳಿದು ಬರುತ್ತದೆ. ಅದು ಇಳಿದ ದಾರಿಯ ನಾಳ ಸಾಮಾನ್ಯವಾಗಿ ಹತ್ತನೆಯ ವಾರದ ಹೊತ್ತಿಗೆ ಮುಚ್ಚಿಹೋಗಬೇಕು. ಮುಚ್ಚದೆ ಉಳಿದ ಭಾಗದಲ್ಲಿ ದ್ರವ ತುಂಬಿಕೊಂಡಾಗ ಈ ಗಂಟಾಗುತ್ತದೆ. ಆ ನಾಳ ಹಯಾಯ್ಡ್ ಎಂಬ ಮೂಳೆಗೆ ಅಂಟಿಕೊಂಡೇ ಸಾಗುವುದರಿಂದ ಮೂಳೆಯ ನಡುಭಾಗವನ್ನೂ ತೆಗೆಯಬೇಕೆಂದು ಅವರು ವಿವರಿಸಿದರು. 1920ರಲ್ಲಿ ಸಿಸ್ಟ್ರಂಕ್ ಎಂಬ ಶಸ್ತ್ರಚಿಕಿತ್ಸಕರು ವಿವರಿಸಿದ ವಿಧಾನವಂತೆ. ನನ್ನ ಕಿವಿಗೆ ಬಿದ್ದದ್ದು ‘ಮೂಳೆ’ ಎಂಬ ಒಂದೇ ಮಾತು.

ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಅಂದು ಅದು ನನಗೆ ಜಾಣತನದಂತೆ ಕಂಡಿತ್ತು. ಗಂಟು ಎಂದರೆ ಒಂದು ಚೀಲ, ಚೀಲವನ್ನು ಹರಿಯದಂತೆ ಇಡಿಯಾಗಿ ಬಿಡಿಸಿ ತೆಗೆದರೆ ಕೆಲಸ ಮುಗಿಯಿತು ಎಂದು ಲೆಕ್ಕ ಹಾಕಿದೆ. ಮೂಳೆ ಕತ್ತರಿಸಿದರೆ ಮಗಳ ಮಾತು ತೊದಲೀತು, ನುಂಗುವುದು ಕಷ್ಟವಾದೀತು ಎಂಬ ಭಯವನ್ನು ಎಚ್ಚರಿಕೆ ಎಂದು ಕರೆದುಕೊಂಡೆ. ಆ ಭಯವನ್ನು ಮೊದಲ ವೈದ್ಯರ ಮುಂದೆ ಬಾಯಿಬಿಟ್ಟು ಹೇಳಿದ್ದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತಿತ್ತು. ಹೇಳಲಿಲ್ಲ. ‘ಯೋಚಿಸಿ ತಿಳಿಸುತ್ತೇವೆ’ ಎಂದು ಎದ್ದು ಬಂದೆ. ಚಿಕ್ಕದರಲ್ಲಿ ಮುಗಿಸಿಕೊಡಿ ಎಂಬ ನನ್ನ ಒತ್ತಾಯಕ್ಕೆ ಒಪ್ಪಿದ ಇನ್ನೊಬ್ಬರ ಬಳಿ ಹೋದೆ. ಅವರು ಚೀಲವನ್ನು ಅಚ್ಚುಕಟ್ಟಾಗಿಯೇ ತೆಗೆದರು. ಆದರೆ ಚೀಲ ಆ ನಾಳದ ಉಬ್ಬಿದ ತುದಿ ಮಾತ್ರವಾಗಿತ್ತು; ಮೂಳೆಯ ಹತ್ತಿರವೂ ಅದರ ಮೇಲೂ ಉಳಿದ ನಾಳ ಮತ್ತು ಅದರ ಸಣ್ಣ ಕವಲುಗಳು ಅಲ್ಲಿಯೇ ಇದ್ದವು.

ನಾಲ್ಕು ತಿಂಗಳ ನಂತರ, ನೆಗಡಿಯೊಂದರ ಬೆನ್ನಿಗೇ, ಗಾಯದ ಗೆರೆ ಕೆಂಪಾಗಿ ಸೂಜಿಮೊನೆಯಷ್ಟು ತೂತು ಬಿದ್ದಿತು. ಅದರಿಂದ ಅಂಟಂಟಾದ ದ್ರವ ಒಸರುತ್ತಿತ್ತು. ಬೆಳಿಗ್ಗೆ ದಿಂಬಿನ ಬಟ್ಟೆ ಕುತ್ತಿಗೆಗೆ ಅಂಟಿಕೊಂಡಿರುತ್ತಿತ್ತು. ನೀರು ಹಾಕಿ ನೆನೆಸದೆ ಬಿಡಿಸಿದರೆ ಅಳುತ್ತಿದ್ದಳು. ತಲೆತಗ್ಗಿಸಿಕೊಂಡು ಮೊದಲ ವೈದ್ಯರ ಬಳಿಗೇ ಹೋದೆ. ಅವರು ಒಂದು ಮಾತೂ ಆಡಿ ತೋರಿಸಲಿಲ್ಲ. ಆಂಟಿಬಯಾಟಿಕ್ ಕೊಟ್ಟು ಸೋಂಕು ಆರುವವರೆಗೆ ಕಾದರು, ನಂತರ ತೂತು, ಹಳೆಯ ಗಾಯದ ಗೆರೆ, ಮೂಳೆಯ ನಡುಭಾಗ, ನಾಲಿಗೆಯ ಬುಡದವರೆಗಿನ ಅಂಗಾಂಶ ಎಲ್ಲವನ್ನೂ ಒಟ್ಟಾಗಿ ತೆಗೆದರು. ಮೊದಲ ಶಸ್ತ್ರಚಿಕಿತ್ಸೆಯ ಕಲೆಗಟ್ಟಿದ ಮಾಂಸದಲ್ಲಿ ನಾಳವನ್ನು ಗುರುತಿಸುವುದೇ ಕಷ್ಟವಾಯಿತೆಂದು ಆಮೇಲೆ ತಿಳಿಸಿದರು. ನಾನು ಅಷ್ಟೊಂದು ಹೆದರಿದ್ದ ಮೂಳೆ ಬೇರೆ ಯಾವ ಮೂಳೆಗೂ ಕೀಲು ಕೂಡದೆ, ಸ್ನಾಯುಗಳ ನಡುವೆ ತೂಗಿಕೊಂಡಿರುವಂಥದ್ದು. ಮರುದಿನವೇ ಮಗಳು ಮಾತನಾಡಿದಳು. ಆಡಿದ ಮೊದಲ ಮಾತು ನನ್ನ ಮೇಲಿನ ದೂರು.

ಆದ್ದರಿಂದ ಚಿಕ್ಕ ಶಸ್ತ್ರಚಿಕಿತ್ಸೆಯೋ ದೊಡ್ಡದೋ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ಗಂಟನ್ನಷ್ಟೇ ತೆಗೆದರೆ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಅದು ಮರಳಿ ಬರಬಹುದು; ಮೂಳೆಯ ನಡುಭಾಗವನ್ನೂ ತೆಗೆದಾಗ ಆ ಸಾಧ್ಯತೆ ನೂರಕ್ಕೆ 10ಕ್ಕಿಂತ ಕಡಿಮೆ. ನೋವಿಲ್ಲವೆಂದು ವರ್ಷಗಟ್ಟಲೆ ಮುಂದೂಡುವುದನ್ನೂ ನಾನು ಒಪ್ಪುವುದಿಲ್ಲ. ಒಮ್ಮೆ ಕೀವಾಗಿ ಅದನ್ನು ಕೊಯ್ದು ಹೊರಬಿಡಬೇಕಾಗಿ ಬಂದರೆ ಮುಂದಿನ ಕೆಲಸ ತೊಡಕಾಗುತ್ತದೆ. ಗಂಟನ್ನು ಹಿಸುಕಬೇಡಿ.

ಒಂದು ಮಾತು: ಗಂಟು ಅಥವಾ ತೂತು ನಡುವೆ ಇರದೆ ಕುತ್ತಿಗೆಯ ಪಕ್ಕದಲ್ಲಿದ್ದರೆ ನನ್ನ ಕಥೆ ನಿಮಗೆ ಹೊಂದುವುದಿಲ್ಲ. ಅದು ಬ್ರಾಂಕಿಯಲ್ ಎಂಬ ಬೇರೆ ಬಗೆಯದಾಗಿರಬಹುದು, ಅದರ ದಾರಿಯೂ ಬೇರೆ.

ದಿನಾಂಕ ಗೊತ್ತುಮಾಡುವ ಮೊದಲು ಅಲ್ಟ್ರಾಸೌಂಡ್‌ನಲ್ಲಿ ಥೈರಾಯ್ಡ್ ಗ್ರಂಥಿ ಅದರ ಜಾಗದಲ್ಲಿ ಕಂಡಿತೇ ಎಂದು ಕೇಳಿ. ಅಪರೂಪಕ್ಕೆ, ಗಂಟೆಂದುಕೊಂಡದ್ದೇ ಮಗುವಿಗಿರುವ ಏಕೈಕ ಥೈರಾಯ್ಡ್ ಆಗಿರುತ್ತದೆ. ಜೊತೆಗೆ, ಮೂಳೆಯ ಬಗ್ಗೆ ನಿಮಗಿರುವ ಭಯವನ್ನು ಈಗ ನೋಡುತ್ತಿರುವ ವೈದ್ಯರ ಎದುರಿಗೇ ಹೇಳಿಬಿಡಿ.