ಸಾಂಕ್ರಾಮಿಕದ ನಡುವೆ ಶಾಲೆ ತೆರೆಯುವಾಗ ಮಕ್ಕಳ ವಾಹನದಲ್ಲಿ ಯಾವ ಎಚ್ಚರ ಬೇಕು?

ಕೊರೊನಾ ಎರಡನೇ ಅಲೆ ಇಳಿದ ಮೇಲೆ ಕರ್ನಾಟಕವು ಶಾಲೆಗಳನ್ನು ಒಮ್ಮೆಲೇ ತೆರೆಯದೆ, 2021ರ ಆಗಸ್ಟ್ 23ರಂದು 9ರಿಂದ 12ನೇ ತರಗತಿಗಳನ್ನೂ, ಸೆಪ್ಟೆಂಬರ್ 6ರಂದು 6ರಿಂದ 8ನೇ ತರಗತಿಗಳನ್ನೂ, ಅಕ್ಟೋಬರ್ 25ರಂದು 1ರಿಂದ 5ನೇ ತರಗತಿಗಳನ್ನೂ ಆರಂಭಿಸಿತು. ಆದರೆ ತರಗತಿಯಲ್ಲಿ ಅಂತರ ಕಾಯ್ದುಕೊಂಡ ಮಕ್ಕಳನ್ನೇ ಸಂಜೆ, ಬ್ಯಾಗುಗಳನ್ನು ಹೊರಗೆ ತೂಗುಹಾಕಿ, ಒಬ್ಬರ ತೊಡೆಯ ಮೇಲೊಬ್ಬರಂತೆ ಆಟೊದಲ್ಲಿ ತುಂಬಿದರೆ ಆ ಶ್ರಮವೆಲ್ಲ ವ್ಯರ್ಥ. ಈ ಸೋಂಕು ಮುಖ್ಯವಾಗಿ ಉಸಿರಿನ ಮೂಲಕ ಹರಡುವುದರಿಂದ, ಸೀಟಿಗೆ ಸ್ಯಾನಿಟೈಸರ್ ಸಿಂಪಡಿಸುವುದಕ್ಕಿಂತ ವ್ಯಾನಿನ ಕಿಟಕಿಗಳನ್ನು (ಮಳೆಯಿದ್ದರೂ ನಾಲ್ಕು ಬೆರಳಷ್ಟು) ತೆರೆದಿಡುವುದೇ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ. ಚಾಲಕರೂ ಮಕ್ಕಳೂ ಮಾಸ್ಕ್ ಧರಿಸಬೇಕು. ಪ್ರತಿ ಮಗುವಿಗೂ ದಿನವೂ ಅದೇ ಸೀಟು ಕೊಟ್ಟು ಪಟ್ಟಿ ಬರೆದಿಟ್ಟರೆ, ಯಾರಿಗಾದರೂ ಸೋಂಕು ತಗುಲಿದಾಗ ಜೊತೆಯಲ್ಲಿ ಪ್ರಯಾಣಿಸಿದವರು ಯಾರೆಂದು ಹುಡುಕಾಡಬೇಕಾಗುವುದಿಲ್ಲ, ಇಡೀ ಶಾಲೆಯನ್ನೂ ಮುಚ್ಚಬೇಕಾಗುವುದಿಲ್ಲ.