ಉಪವಾಸ ಹೆಚ್ಚಿಸಿದರೂ ತೀರದ ಹಸಿವು

ಅವರಿಗೆ ಐವತ್ತು ದಾಟಿದೆ. ಧಾರವಾಡದ ಕಡೆಯವರು, ಚರ್ಚಿನಲ್ಲಿ ಭಾನುವಾರದ ಆರಾಧನೆಯಲ್ಲಿ ಬೈಬಲ್ ವಾಕ್ಯ ಓದುವವರು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.) ಸಭಾಪಾಲಕರೇ ನನ್ನ ಹತ್ತಿರ ಕಳಿಸಿದ್ದರು. ಬಹಳ ತಿಂಗಳಿಂದ ಅವರು ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ಸಭೆಯವರು ಹಂಚಿಕೊಳ್ಳುವ ರೊಟ್ಟಿ ಮತ್ತು ದ್ರಾಕ್ಷಾರಸ, ತೆಗೆದುಕೊಳ್ಳುತ್ತಿರಲಿಲ್ಲ. ರೊಟ್ಟಿ ಮುರಿಯುವ ಹೊತ್ತಿಗೆ ಎದ್ದು ಹೊರಗೆ ಹೋಗಿ, ಚಪ್ಪಲಿ ಬಿಡುವ ಜಾಗದಲ್ಲಿ ನಿಲ್ಲುತ್ತಿದ್ದರು.

"ಅಕ್ಕಾವ್ರ, ಎಷ್ಟು ಪ್ರಾರ್ಥನೆ ಮಾಡಿದ್ರೂ ಹೊಟ್ಟಿ ತುಂಬವಲ್ದು" ಎಂದರು. ಶುಕ್ರವಾರ ಉಪವಾಸ ಮೊದಲಿಂದ ಇತ್ತು, ಈಗ ಬುಧವಾರವೂ ಸೇರಿತ್ತು. ಸಕ್ಕರೆ ಕಾಯಿಲೆ ಬೇರೆ. ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲೇ ಇರುತ್ತಿದ್ದರು. ನೀತಿಗಾಗಿ ಹಸಿದು ಬಾಯಾರಿದವರಿಗೆ ತೃಪ್ತಿಯಾಗುತ್ತದೆ ಅಂತ ಯೇಸು ಸ್ವಾಮಿ ಹೇಳಿದ್ದಾರಲ್ಲ (ಮತ್ತಾಯ 5:6), ನನಗ್ಯಾಕೆ ಆಗುತ್ತಿಲ್ಲ ಎಂಬುದು ಅವರ ಪ್ರಶ್ನೆ.

ಹೀಗೆ ಹಂಬಲಿಸುವವರಿಗೆ "ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ" ಅಂತ ಹೇಳಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಈ ಹಸಿವು ಕಾಯಿಲೆಯಲ್ಲ. ಸ್ವಾಮಿ ಧನ್ಯರು ಎಂದದ್ದು ಹಸಿದವರನ್ನೇ. ಆದರೆ ಅದರಲ್ಲಿ ಬರೀ ಭಯ ಬೆರೆತಿದೆಯಾ ಅಂತ ನೋಡಬೇಕು. ಮಾಡದ ತಪ್ಪು ಕೂಡ ಹಗಲೂ ರಾತ್ರಿ ಕಾಡುವವರಿದ್ದಾರೆ. ಅಂಥವರಿಗೆ ಮನೋವೈದ್ಯರ ನೆರವೂ ಬೇಕು. ಇವರದು ಹಾಗಿರಲಿಲ್ಲ.

"ಪ್ರಾರ್ಥನೆಗೆ ಕೂತಾಗ ಯಾರ ಮುಖ ಕಣ್ಣಿಗೆ ಬರುತ್ತದೆ?" ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ತಂಗೀದು" ಎಂದರು.

ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರು. ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ಉಳಿದದ್ದು ಒಂದು ಮನೆ, ಇವರು ಮತ್ತು ತಂಗಿ. ಬ್ಯಾಂಕ್ ಸಾಲಕ್ಕೆ ಬೇಕು ಅಂತ ಹೇಳಿ ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರು. ಸಾಲ ತೀರಿ ವರ್ಷಗಳಾದರೂ ಆ ಮಾತೇ ಎತ್ತಲಿಲ್ಲ. ಬಾಡಿಗೆ ಇವರ ಕೈಗೇ ಬರುತ್ತಿತ್ತು. ತಂಗಿ ಒಮ್ಮೆಯೂ ಕೇಳಲಿಲ್ಲ. ಪ್ರತಿ ಕ್ರಿಸ್ಮಸ್‌ಗೆ ಡಬ್ಬಿ ತುಂಬ ಕರ್ಜಿಕಾಯಿ ಕಳಿಸುತ್ತಿದ್ದಳು. ಅದು ಗಂಟಲಲ್ಲಿ ಇಳಿಯದೆ ಪಕ್ಕದ ಮನೆಗೆ ಕೊಟ್ಟುಬಿಡುತ್ತಿದ್ದರಂತೆ.

"ಆಕಿ ಮದುವಿ ಖರ್ಚು ನಾನೇ ಮಾಡೀನ್ರಿ, ಅಲ್ಲಿಗೆ ಲೆಕ್ಕ ಚುಕ್ತಾ ಅನ್ಕೊಂಡಿದ್ದೆ." ನಮ್ಮ ಎಷ್ಟೋ ಮನೆಗಳಲ್ಲಿ ಅಣ್ಣಂದಿರು ಹೇಳುವ ಮಾತೇ ಇದು. ಕಾನೂನು ಹಾಗೆ ಹೇಳುವುದಿಲ್ಲ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಅರ್ಧ ಮನೆ ಅವಳದು.

ಹಸಿವಿನ ಮಾತು ಬರುವ ಅದೇ ಅಧ್ಯಾಯದಲ್ಲಿ ಸ್ವಲ್ಪ ಕೆಳಗೆ ಓದಲು ಹೇಳಿದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಅಂತ ಅಲ್ಲಿದೆ (5:23–24). ಅವರು ತಂಗಿಯ ಹತ್ತಿರ ಹೋಗುವ ಬದಲು ಉಪವಾಸದ ದಿನ ಹೆಚ್ಚಿಸಿಕೊಂಡಿದ್ದರು.

ಆಗ ಅವರು ಕೇಳಿದ್ದು: "ಪಾಲು ಕೊಟ್ರ ದೇವರು ಒಪ್ಕೋತಾನೇನ್ರಿ?" ಈ ಪ್ರಶ್ನೆಯ ಮೇಲೆ ನಾವು ಬಹಳ ಹೊತ್ತು ಮಾತಾಡಿದೆವು. ಸುಂಕ ವಸೂಲಿ ಮಾಡಿ ಶ್ರೀಮಂತನಾಗಿದ್ದ ಜಕ್ಕಾಯನ ಕಥೆ ಓದಿದೆವು (ಲೂಕ 19). ನಿನ್ನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ ಎಂದು ಸ್ವಾಮಿ ಹೇಳಿದ್ದು ಮೊದಲು. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದು ಜಕ್ಕಾಯ ಹೇಳಿದ್ದು ಆಮೇಲೆ. ಕೃಪೆ ಮೊದಲೇ ಬಂದಿತ್ತು, ಅದಕ್ಕೇ ಅವನ ಕೈ ಸಡಿಲವಾಯಿತು. ಈ ಕ್ರಮ ತಿರುವುಮುರುವಾದರೆ ತಂಗಿಗೆ ಕೊಡುವ ಪಾಲೂ ದೇವರಿಗೆ ಕೊಡುವ ಲಂಚವಾಗುತ್ತದೆ. ಕೊಟ್ಟ ಮೇಲೂ ಮನಸ್ಸಿಗೆ ಸಾಕಾಗುವುದಿಲ್ಲ, ಇನ್ನೇನು ಕೊಡಲಿ ಅಂತಲೇ ಕೇಳುತ್ತದೆ.

ಮಾಡಬೇಕಾದ್ದನ್ನು ಹೀಗೆ ಹೇಳಿದೆ. ಡಾಕ್ಟರ್ ಒಪ್ಪುವವರೆಗೆ ಉಪವಾಸ ಬೇಡ. ಮೊದಲು ಹೆಂಡತಿಗೆ ಎಲ್ಲ ತಿಳಿಸಿ. ನೋಂದಣಿಯಾದ ಪತ್ರ ಹರಿದುಹಾಕಿದರೆ ಆಗುವುದಿಲ್ಲ, ಹೊಸ ಪತ್ರವೇ ಬೇಕು, ವಕೀಲರನ್ನು ಕೇಳಿ. ತಂಗಿಯ ಮನೆಗೆ ನೀವೇ ಹೋಗಿ, ವಾಟ್ಸಾಪ್ ಬೇಡ. ಮಾಡಿದ್ದನ್ನು ಸುತ್ತಿಬಳಸದೆ ಹೇಳಿ. "ಕ್ಷಮಿಸಿದೆ ಅನ್ನವ್ವಾ" ಅಂತ ಅಲ್ಲೇ ಒತ್ತಾಯ ಮಾಡಬೇಡಿ, ಅದು ಅವಳ ಮೇಲೆ ಇನ್ನೊಂದು ಭಾರ. ಸಭೆಯಲ್ಲಿ ಎದ್ದು ಇದರ ಬಗ್ಗೆ ಸಾಕ್ಷಿ ಹೇಳುವುದಂತೂ ಬೇಡವೇ ಬೇಡ. ಅವಳ ಮನೆಯ ವಿಷಯ ಅದು. ಕರ್ತನ ಭೋಜನಕ್ಕೆ ಮಾತ್ರ ಮನೆಪತ್ರ ಮುಗಿಯಲಿ ಅಂತ ಕಾಯಬೇಡಿ. ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಅಂತ ಪೌಲ ಬರೆದಿದ್ದಾನೆ (1 ಕೊರಿಂಥ 11:28), ಪರೀಕ್ಷಿಸಿಕೊಂಡು ಹೊರಗೆ ನಿಲ್ಲಲಿ ಅಂತಲ್ಲ.

ಹೋದರು. ತಂಗಿ ಮೊದಲು ಅತ್ತಳು, ಆಮೇಲೆ ಸಿಟ್ಟಾದಳು. "ಅಣ್ಣಾ, ಸಹಿ ಹಾಕೋವಾಗ್ಲೇ ನನಗ ಗೊತ್ತಿತ್ತು" ಎಂದಳಂತೆ. ಮನೆ ಮಾರುವುದು ಅವಳಿಗೂ ಬೇಡ. ವಕೀಲರು ಪತ್ರ ತಯಾರು ಮಾಡುತ್ತಿದ್ದಾರೆ. ಅಲ್ಲಿಯವರೆಗೆ ಬಾಡಿಗೆಯ ಅರ್ಧ ಅವಳ ಖಾತೆಗೆ ಹೋಗುತ್ತಿದೆ. ಹಿಂದಿನ ವರ್ಷಗಳ ಬಾಡಿಗೆಯ ಮಾತು ಇನ್ನೂ ಮುಗಿದಿಲ್ಲ.

ಪ್ರಾರ್ಥನೆಯಲ್ಲಿ ಈಗಲೂ ಹಸಿವಾಗುತ್ತದೆ, ಆದರೆ ಮೊದಲಿನ ಹೆದರಿಕೆ ಇಲ್ಲ ಎನ್ನುತ್ತಾರೆ. ಆ ಹಸಿವು ಇರಲಿ ಎಂದಿದ್ದೇನೆ. ಹೆಂಡತಿಗೆ ಮಾತ್ರ ಇದೆಲ್ಲ ಅರ್ಧಂಬರ್ಧ ಒಪ್ಪಿಗೆ. ಮಗಳ ಮದುವೆಗೆ ಅದೇ ಬಾಡಿಗೆ ಹಣವನ್ನು ನೆಚ್ಚಿಕೊಂಡಿದ್ದರು. ಅವರ ಚಿಂತೆಯೂ ಸುಳ್ಳಲ್ಲ. ಮುಂದಿನ ಸಲ ಇಬ್ಬರೂ ಕೂಡಿ ಬರಲು ಹೇಳಿದ್ದೇನೆ.